ನನ್ನ ಚುಕ್ಕಿಗೆ ಬಂದ ಜ್ವರ

ಪೊಲೀಸರಿಂದ ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ. ವಿಮೆ ಏಜೆಂಟರಿಂದ ತಪ್ಪಿಸಿಕೊಂಡವರನ್ನೂ ನೋಡಿದ್ದೇನೆ. ಆದರೆ ನನ್ನ ಈ ಗೆಳತಿಯಿಂದ ತಪ್ಪಿಸಿಕೊಂಡವರನ್ನು ಆಲೂರು ಸಕಲೇಶಪುರದ ಸೀಮೆಯಲ್ಲಿ ಇದುವರೆಗೆ ಕಂಡಿಲ್ಲ! ಒಬ್ಬಳು ಮಾತ್ರ ಒಮ್ಮೆ ಪ್ರಯತ್ನಪಟ್ಟಿದ್ದಳು. ಆ ಮಹಾತಾಯಿ ಯಾರೆಂದು ಮುಂದೆ ಹೇಳುತ್ತೇನೆ. ಹೇಳದೆ ಇರಲು ಆಗುವ ಹಾಗಿದ್ದರೆ ಇದನ್ನು ಬರೆಯುವುದಕ್ಕೇ ಕೂರುತ್ತಿರಲಿಲ್ಲ.

ಗೆಳತಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವಳಿಗೇನೂ ಬೇಸರವಿಲ್ಲ, "ಹೆಸರು ಹಾಕಿದ್ದೀಯಲ್ಲ, ಒಂದು ಫೋಟೋನೂ ಹಾಕ್ಬುಡು" ಅನ್ನುವವಳು. ಮರ್ಯಾದೆಯ ಪ್ರಶ್ನೆ ಇರುವುದು ನನಗೆ.

ಅವಳಿಗೆ ಅರವತ್ತಕ್ಕೆ ಎರಡು ಕಡಿಮೆ. ಅಜ್ಜನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತ ಕುಟುಂಬ. ಸಕಲೇಶಪುರದಿಂದ ಒಳಗೆ, ಹೊಳೆಯ ಆಚೆಗೆ, ಹನ್ನೆರಡು ಎಕರೆ ಕಾಫಿ ತೋಟವಿದೆ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ತೋಟವನ್ನು ನೋಡಿಕೊಳ್ಳುವವಳು ಅವಳೇ. ಹಾಕಿಕೊಳ್ಳುವುದು ಗಂಡನ ಸ್ವೆಟರು, ಮೆಟ್ಟುವುದು ಗಂಡನ ಗಂಬೂಟು, ಓಡಿಸುವುದು ಗಂಡನ ಜೀಪು. ಸೀರೆಯೊಂದು ಮಾತ್ರ ಅವಳದ್ದು. ಜೀಪಿನ ಹಾರನ್ ಕೆಟ್ಟು ವರ್ಷಗಳೇ ಆಗಿವೆ. ಅದನ್ನು ಅವಳು ರಿಪೇರಿ ಮಾಡಿಸಿಲ್ಲ. ಅವಳ ದನಿ ಕೇಳಿದವರು ಯಾರೂ ಯಾಕೆ ಮಾಡಿಸಿಲ್ಲ ಎಂದು ಕೇಳುವುದೂ ಇಲ್ಲ.

ಹಾಸನದ ಕಾಲೇಜಿನಲ್ಲಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ನಾಲ್ಕು ಜನ ನಾವು. ಅವಳು, ನಾನು, ವಿಮಲಾ, ಸರೋಜ. ವಿಮಲಾ ದೋಣಿಗಲ್ಲಿನ ದೊಡ್ಡ ಎಸ್ಟೇಟಿನ ಸೊಸೆಯಾಗಿ ಹೋದಳು. ಸರೋಜ ಸಕಲೇಶಪುರದಲ್ಲಿ ಬಟ್ಟೆ ಅಂಗಡಿ ಇಟ್ಟಳು. ನಾನು ಆಲೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಇರುವುದು ಪಾಳ್ಯದಲ್ಲಿ. ನಾಲ್ಕು ದಿಕ್ಕಿಗೆ ಚದುರಿದ್ದ ನಮ್ಮನ್ನು ಮತ್ತೆ ಒಟ್ಟುಗೂಡಿಸಿದವಳು ಅವಳೇ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಅವಳಿಗೆ ಫೋನಿನಲ್ಲಿ ಮಾತಾಡುವುದೆಂದರೆ ಆಗುವುದಿಲ್ಲ. "ಅದೂ ಒಂದು ಮಾತಾ ಮಾರಾಯ್ತಿ? ಬಚ್ಚಲುಮನೆ ಬಾಗಿಲಾಚೆ ನಿಂತ್ಕೊಂಡು ಮಾತಾಡ್ದಂಗೆ!" ಎನ್ನುತ್ತಾಳೆ. ಮೆಸೇಜು ಒತ್ತುವುದಕ್ಕೆ ಅವಳ ಬೆರಳಿಗೆ ಪುರುಸೊತ್ತಿಲ್ಲ. ಹಾಗಾದರೆ ಅಷ್ಟು ದೊಡ್ಡ ಫೋನು ಯಾಕೆ? ಯಾರು ಎಲ್ಲಿದ್ದಾರೆ ಎಂದು ನೋಡುವುದಕ್ಕೆ! ಸಕಲೇಶಪುರದ ಮೊಬೈಲ್ ಅಂಗಡಿಯವನು ಅವಳಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಗುಂಪಿನಲ್ಲಿರುವವರೆಲ್ಲ ಈ ಗಳಿಗೆಯಲ್ಲಿ ಎಲ್ಲಿದ್ದಾರೆಂದು ನಕ್ಷೆಯ ಮೇಲೆ ಚುಕ್ಕಿಯಾಗಿ ತೋರಿಸುವ ಆ್ಯಪ್. ಅವಳು ಅಂಗಡಿ, ಶಾಲೆ, ಎಸ್ಟೇಟು ಮೂರಕ್ಕೂ ಜೀಪಿನಲ್ಲಿ ಬಂದು, ನಮ್ಮ ಮೂವರ ಫೋನಿಗೂ ಅದನ್ನು ಹಾಕಿಸಿಯೇ ಹೋದಳು.

"ಯಾರು ಎಲ್ಲವ್ರೆ ಅಂತ ಗೊತ್ತಾದ್ರೆ ಸಾಕು ಕಣೇ. ಹತ್ರ ಇದ್ರೆ ಹೋಗಿ ಮಾತಾಡಿಸ್ಕೊಂಡು ಬರಬೌದು."

ಹತ್ತಿರ! ಈ 'ಹತ್ತಿರ' ಎಂಬ ಪದಕ್ಕೆ ಅವಳ ನಿಘಂಟಿನಲ್ಲಿ ಜೀಪಿನ ಟ್ಯಾಂಕಿನಲ್ಲಿ ಡೀಸೆಲ್ ಮುಗಿಯುವವರೆಗಿನ ದೂರ ಎಂದು ಅರ್ಥ. ಅದು ನಮಗೆ ಗೊತ್ತಿರಲಿಲ್ಲ.

ಮೊದಲ ವಾರವೇ ಗೊತ್ತಾಯಿತು. ಶಾಲೆ ಬಿಟ್ಟ ಮೇಲೆ ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಪಾಳ್ಯದ ಬಸ್ಸಿಗೆ ಕಾಯುತ್ತಿದ್ದೆ. ಸುತ್ತಲೂ ನನ್ನದೇ ಒಂಬತ್ತನೇ ತರಗತಿಯ ಹುಡುಗಿಯರು. ಜೀಪು ಬಂದು ನಿಂತಿತು. ಇವಳು ಇಳಿದಳು. ಫೋನನ್ನು ತುಂಬಿದ ಸಾರಿನ ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರಲ್ಲೇ ಕಣ್ಣು ನೆಟ್ಟು, ನನ್ನ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಗಿಬಿಟ್ಟಳು! ಕೂಗೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿ ನಿಂತದ್ದು ಗಂಡಸರ ಶೌಚಾಲಯದ ಮುಂದೆ.

"ಲೇ, ಇನ್ನೂ ಎಷ್ಟೊತ್ತೇ? ಹೊರಗೆ ಬಾರೇ!"

ಒಳಗಿನಿಂದ ಹಿರಿಯರೊಬ್ಬರು ಗಾಬರಿಯಿಂದ ಪಂಚೆ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು.

"ಒಳಗೆ ಆಲೂರು ಹೈಸ್ಕೂಲ್ ಕನ್ನಡ ಟೀಚರ್ ಅವ್ರೆ, ಒಸಿ ಕಳಿಸಿ" ಎಂದು ಇವಳು ಅವರಿಗೇ ಹೇಳಿದಳು.

"ಒಳಗೆ ಯಾರೂ ಇಲ್ಲ ಕಣಮ್ಮ."

"ಇಲ್ದೆ ಏನು? ಚುಕ್ಕಿ ಇಲ್ಲೇ ಕುಣೀತಾ ಐತೆ ನೋಡಿ!"

ನಾನು ಆಗ ಏನು ಮಾಡಿದೆ ಗೊತ್ತೇ? ಹಾಸನದ ಬಸ್ಸೊಂದರ ಹಿಂದೆ ಅವಿತುಕೊಂಡೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಟೀಚರು, ಕಂಡಕ್ಟರು ಸೀಟಿ ಊದಿ ಬಸ್ಸು ಮುಂದಕ್ಕೆ ಹೋದ ಮೇಲೆ ಬಟಾಬಯಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಹುಡುಗಿಯೊಬ್ಬಳು ಬಹಳ ವಿನಯದಿಂದ, "ಮಿಸ್, ನಿಮ್ಮನ್ನ ಅಲ್ಲಿ ಹುಡುಕ್ತಾವ್ರೆ" ಎಂದು ತೋರಿಸಿದಳು.

"ಇಷ್ಟು ದೂರ ಯಾಕೆ ಬಂದೆ?" ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

"ಸುಮ್ನೆ. ನಿನ್ನ ಮುಖ ನೋಡ್ಕೊಂಡು ಹೋಗಾನ ಅಂತ."

ಹತ್ತು ನಿಮಿಷ ನೋಡಿದಳು. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಕೈಗಿಟ್ಟಳು. ಹೋದಳು.

ಮುಂದಿನ ಸರದಿ ವಿಮಲಾಳದ್ದು. ಅವಳ ಮಗನಿಗೆ ಹೆಣ್ಣು ನೋಡಲು ಆಲೂರಿನ ಆಚೆಯ ಹಳ್ಳಿಯೊಂದಕ್ಕೆ ಹೋಗಿದ್ದರು. ಯಾರಿಗೂ ಹೇಳದೆ ಹೋಗಿದ್ದರು. ಒಪ್ಪಿಗೆಯಾದ ಮೇಲೆ ಹೇಳುವುದು ಅವರ ಮನೆಯ ಪದ್ಧತಿ. ಆದರೆ ವಿಮಲಾಳ ಚುಕ್ಕಿ ಪದ್ಧತಿ ಪಾಲಿಸುತ್ತದೆಯೇ? ಹುಡುಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ ನಮ್ಮ ಗೆಳತಿ ಗಂಬೂಟಿನಲ್ಲಿ ಒಳಗೆ ಹೋಗುವುದಕ್ಕೂ ಸರಿಹೋಯಿತು. ಹೆಣ್ಣಿನ ಕಡೆಯವರು ಇವಳು ಹುಡುಗನ ಸೋದರತ್ತೆ ಎಂದುಕೊಂಡು ಕುರ್ಚಿ ಕೊಟ್ಟರು. ಇವಳು ಕೂತು ಎರಡು ತಟ್ಟೆ ಉಪ್ಪಿಟ್ಟು ತಿಂದು, ಹುಡುಗಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ನೋಡು ಮಗಾ, ಇವನು ಒಳ್ಳೇನು, ಆದ್ರೆ ಗೊರಕೆ ಹೊಡೀತಾನೆ. ಈಗ್ಲೇ ಹೇಳ್ಬುಡ್ತೀನಿ" ಎಂದಳಂತೆ! ವಿಮಲಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ. ಮೂರು ದಿನದ ಮೇಲೆ ಹೆಣ್ಣಿನ ಕಡೆಯಿಂದ ಒಪ್ಪಿಗೆ ಬಂತು. "ಬೂಟು ಹಾಕಿದ್ರಲ್ಲ, ಆ ಅತ್ತೆ ಇರೋ ಮನೇಲಿ ನಾನು ನಗ್ತಾ ಇರ್ತೀನಿ" ಎಂದು ಹುಡುಗಿ ಹೇಳಿದಳಂತೆ. ಮದುವೆಯಾಗಿ ಮನೆಗೆ ಬಂದ ಮೇಲೆ ಆ ಅತ್ತೆ ತಮ್ಮವರೇ ಅಲ್ಲವೆಂದು ತಿಳಿದು ಪಾಪ, ಬಹಳ ಬೇಜಾರು ಮಾಡಿಕೊಂಡಳು.

ಸರೋಜಳ ಕಥೆ ಇನ್ನೊಂದು ಬಗೆ. ಅವಳು ಘಟ್ಟದ ಕೆಳಗಿನ ಯಾವುದೋ ಮದುವೆಗೆ ಬಸ್ಸಿನಲ್ಲಿ ಹೋದಳು. ದೋಣಿಗಲ್ ದಾಟುತ್ತಿದ್ದ ಹಾಗೆ ಸಿಗ್ನಲ್ ಹೋಯಿತು. ಚುಕ್ಕಿ ರಸ್ತೆಯ ತಿರುವಿನಲ್ಲಿ ನಿಂತಿತು. ಒಂದು ಗಂಟೆ ನಿಂತಿತು, ಎರಡು ಗಂಟೆ ನಿಂತಿತು. ಸರೋಜ ಕಲ್ಯಾಣಮಂಟಪದಲ್ಲಿ ಪಾಯಸ ಕುಡಿಯುತ್ತಿದ್ದಾಗ ಇವಳು ಕೋಲು ಹಿಡಿದು ಆ ತಿರುವಿನ ಕೆಳಗಿನ ಪೊದೆಗಳನ್ನು ಬಡಿಯುತ್ತಿದ್ದಳು. ಲಾರಿ ನಿಲ್ಲಿಸಿ ಊಟಕ್ಕೆ ಕೂತಿದ್ದ ನಾಲ್ಕು ಡ್ರೈವರುಗಳೂ ಅನ್ನ ಬಿಟ್ಟು ಎದ್ದು ಇವಳ ಜೊತೆ ಹುಡುಕಿದರಂತೆ. ಸಂಜೆ ವಾಪಸು ಬರುವ ಬಸ್ಸು ಘಟ್ಟ ಹತ್ತಿ ಚುಕ್ಕಿ ಅಲ್ಲಾಡಿದ ಕೂಡಲೇ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದಳು. ಬಾಗಿಲಿನಿಂದ ಇಣುಕಿ ಸರೋಜಳನ್ನು ನೋಡಿದಳು.

"ಇದ್ದೀಯಾ? ಸರಿ, ಹೋಗು" ಎಂದಳು. ಇಳಿದಳು. "ಹೋಗ್ಲಿ ರೈಟ್!" ಎಂದು ಕಂಡಕ್ಟರಿಗಿಂತ ಮೊದಲು ತಾನೇ ಕೂಗಿದಳು.

ಇದನ್ನೆಲ್ಲ ಓದಿ ನಿಮಗೆ ನಗು ಬರಬಹುದು. ನಾವೂ ನಕ್ಕೆವು. ಎಲ್ಲಿ ನಕ್ಕೆವು ಎಂಬುದನ್ನು ಹೇಳುವಾಗ ಮಾತ್ರ ನನ್ನ ಕಿವಿ ಬಿಸಿಯಾಗುತ್ತದೆ. ಅವಳಿಗೆ ಗೊತ್ತಾಗದ ಹಾಗೆ ನಾವು ಮೂವರು ಮೆಸೇಜು ಕಳಿಸಿಕೊಳ್ಳಲು ಇನ್ನೊಂದು ಗುಂಪು ಮಾಡಿಕೊಂಡಿದ್ದೆವು. 'ಜೀಪು ಆಲೂರು ಕಡೆ ತಿರುಗಿದೆ, ಹುಷಾರು', 'ಈವತ್ತು ನಿನ್ನ ಸರದಿ' ಎಂಬಂಥ ಮೆಸೇಜುಗಳು. ಆ ಗುಂಪಿಗೆ ಒಂದು ಹೆಸರು ಬೇಕಿತ್ತಲ್ಲ? ಕನ್ನಡ ಟೀಚರು ನಾನಿದ್ದೆ. 'ಶಾಂತಿನಿವಾಸ' ಎಂದು ಇಟ್ಟೆ. ಎಷ್ಟು ಚೆನ್ನಾಗಿದೆ ಅಲ್ಲವೇ? ಹೊಗಳಿದರು ಬೇರೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ.

ನನಗೆ ತಾಲ್ಲೂಕಿನ ಉತ್ತಮ ಶಿಕ್ಷಕಿ ಎಂದು ಒಂದು ಸನ್ಮಾನವಾಗಿತ್ತು. ಆ ಸಂತೋಷಕ್ಕೆ ವಿಮಲಾ ದೋಣಿಗಲ್ಲಿನ ತಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಳು. ನಮ್ಮ ಇಲಾಖೆಯ ಅಧಿಕಾರಿಯೂ ಅವರ ಹೆಂಡತಿಯೂ ಬರುತ್ತೇವೆಂದು ಒಪ್ಪಿದ್ದರು. ಯಾರನ್ನೆಲ್ಲ ಕರೆಯುವುದೆಂದು ಶಾಂತಿನಿವಾಸದಲ್ಲಿ ಚರ್ಚೆಯಾಯಿತು. ವಿಮಲಾ ಅವಳ ಹೆಸರನ್ನು ಮೊದಲು ಬರೆದಳು. ಇದನ್ನು ನಾನು ವಿಮಲಾಳ ಪರವಾಗಿ ಹೇಳಲೇಬೇಕು. 'ಅವಳು ಬೇಡ' ಎಂದು ಬರೆದವಳು ನಾನು.

ಯಾಕೆ? ಗಂಬೂಟಿನಲ್ಲಿ ಬರುತ್ತಾಳೆ. ಜೋರಾಗಿ ನಗುತ್ತಾಳೆ. ಅಧಿಕಾರಿಯ ಹೆಂಡತಿಯ ತೊಡೆಯ ಮೇಲೆ ಹೊಡೆದು ಮಾತಾಡುತ್ತಾಳೆ. ನಾನು ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ದಿನ ಹೆದರಿ ಅತ್ತದ್ದನ್ನು, ಅವಳು ನನಗೆ ಅನ್ನ ಕಲಸಿ ತಿನ್ನಿಸಿದ್ದನ್ನು ಎಲ್ಲರೆದುರು ಹೇಳುತ್ತಾಳೆ. ಒಂದು ದಿನ, ಒಂದೇ ಒಂದು ದಿನ, ನಾನು ಗಂಭೀರವಾದ ಹೆಂಗಸಾಗಿ ಕಾಣಬೇಕಿತ್ತು.

ಆದರೆ ಚುಕ್ಕಿ? ನನ್ನ ಚುಕ್ಕಿ ದೋಣಿಗಲ್ಲಿಗೆ ಹೊರಟರೆ ಜೀಪೂ ಹೊರಡುತ್ತದೆ. ಆದ್ದರಿಂದ ಚುಕ್ಕಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದೆಂದು ನಿರ್ಧರಿಸಿದೆ. ಬೆಳಿಗ್ಗೆ ಎದ್ದವಳೇ ಅವಳಿಗೆ ಮೆಸೇಜು ಹಾಕಿದೆ: 'ವಿಪರೀತ ಜ್ವರ. ಮಲಗಿದ್ದೇನೆ. ಅಂಟುತ್ತದೆ, ಬರಬೇಡ.' ಜ್ವರ ಎಂಬುದರ ಹಿಂದೆ 'ವಿಪರೀತ' ಸೇರಿಸಿದ್ದನ್ನು ಗಮನಿಸಿ. ಭಾಷಾ ಶಿಕ್ಷಕಿಗೆ ವಿಶೇಷಣದ ಮೇಲೆ ಪ್ರೀತಿ! ಫೋನನ್ನು ದಿಂಬಿನ ಕೆಳಗಿಟ್ಟೆ. ನಮ್ಮವರು ನೆಂಟರ ಮದುವೆಗೆಂದು ಹಿಂದಿನ ದಿನವೇ ಅರಸೀಕೆರೆಗೆ ಹೋಗಿದ್ದರು. ನಮ್ಮ ಮುಂಬಾಗಿಲಿಗೆ ಎಳೆದರೆ ತಾನೇ ಬೀಳುವ ಲಾಕು. ಒಳಗಿನಿಂದ ಹಾಕಿದ್ದೋ ಹೊರಗಿನಿಂದ ಹಾಕಿದ್ದೋ ನೋಡಿದವರಿಗೆ ತಿಳಿಯುವುದಿಲ್ಲ. ಪಕ್ಕದ ಮನೆಯ ಜಯಮ್ಮ ಡೈರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ, ರೇಷ್ಮೆ ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿಕೊಂಡು, ತನ್ನ ಫೋನನ್ನೂ ಅಂಗಡಿಯಲ್ಲೇ ಬಿಟ್ಟು ಬಂದಿದ್ದ ಸರೋಜಳ ಆಟೋದ ಕಡೆಗೆ ಓಡಿದೆ. ಉತ್ತಮ ಶಿಕ್ಷಕಿ!

ಊಟ ಭರ್ಜರಿಯಾಗಿತ್ತು. ಅಧಿಕಾರಿಗಳು ಶಾಲು ಹೊದಿಸಿ ಎರಡು ಮಾತು ಆಡಿದರು. "ಮಕ್ಕಳಿಗೆ ಸತ್ಯ, ಪ್ರಾಮಾಣಿಕತೆಯನ್ನು ಕಲಿಸುವುದು ಪುಸ್ತಕದಿಂದಲ್ಲ, ಇಂಥವರ ನಡತೆಯಿಂದ" ಎಂದರು. ಸರೋಜಳಿಗೆ ಕೆಮ್ಮು ಬಂತು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಸಂಜೆ ಐದರ ಹೊತ್ತಿಗೆ ಪಾಳ್ಯಕ್ಕೆ ವಾಪಸು ಬಂದೆ. ಮನೆಯ ಮುಂದೆ ಜೀಪು ನಿಂತಿತ್ತು.

ಜೀಪಿನ ಸುತ್ತ ಹತ್ತು ಹದಿನೈದು ಜನ. ಗುಂಪು ದಾರಿ ಬಿಟ್ಟಿತು. ತಲೆಯಲ್ಲಿ ಮಲ್ಲಿಗೆ, ಹೆಗಲ ಮೇಲೆ ಶಾಲು, ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಉಳಿದ ಹೋಳಿಗೆಯ ಡಬ್ಬ ಹಿಡಿದುಕೊಂಡು ನಾನು ನಡೆದುಬಂದೆ. ವಿಪರೀತ ಜ್ವರ ಬಂದವಳು!

ಅವಳು ನಮ್ಮ ಜಗುಲಿಯ ಮೇಲೆ ಎಡಗಾಲು ಚಾಚಿ ಕೂತಿದ್ದಳು. ಒಂದು ಬೂಟು ಮಾತ್ರ ಕಾಲಿನಲ್ಲಿತ್ತು. ಪಕ್ಕದಲ್ಲಿ ಸ್ಟೀಲಿನ ಕ್ಯಾರಿಯರ್. ಹಿಂದಿನಿಂದ ಜಯಮ್ಮ ಓಡಿಬಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಇವಳು ಬೆಳಿಗ್ಗೆ ಚರ್ಚಿನಲ್ಲಿ ನನ್ನ ಜ್ವರಕ್ಕೆ ಮೇಣದಬತ್ತಿ ಹಚ್ಚಿ, ಮನೆಗೆ ಹೋಗಿ ಗಂಜಿ ಮಾಡಿ, ಬಾಗಿಲ ಹೊರಗಿಟ್ಟು ಹೋಗೋಣವೆಂದು ಬಂದಿದ್ದಾಳೆ. ಕೂಗಿದ್ದಾಳೆ. ಉತ್ತರವಿಲ್ಲ. ಫೋನು ಮಾಡಿದ್ದಾಳೆ. ಒಳಗೆ ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ. ಹಿತ್ತಲಿಗೆ ಹೋಗಿ ಸೌದೆ ರಾಶಿ ಹತ್ತಿ ಕಿಟಕಿಯಲ್ಲಿ ಇಣುಕಲು ನೋಡಿದ್ದಾಳೆ. ರಾಶಿ ಜಾರಿದೆ, ಬಿದ್ದಿದ್ದಾಳೆ. ಬಿದ್ದ ಕಾಲಿನಲ್ಲೇ ಕುಂಟಿಕೊಂಡು ಹೋಗಿ ಜಯಮ್ಮನ ಗಂಡನನ್ನು ಕರೆದುಕೊಂಡು ಬಂದು ಹಿಂಬಾಗಿಲ ಚಿಲಕ ಮುರಿಸಿದ್ದಾಳೆ.

"ಅಂಗೇ ಕಿರುಚ್ತಾ ಇದ್ರು ಟೀಚರ್, 'ನನ್ನ ಗೆಳತಿ ಒಳಗೆ ಸಾಯ್ತಾವ್ಳೆ ಒಡೀರಿ' ಅಂತ. ಒಳಗೆ ಹೋಗಿ ನೋಡಿದ್ರೆ ದಿಂಬಿನಡೀಲಿ ಫೋನು! ನೀವೇ ಇಲ್ಲ!" ಜಯಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮಲ್ಲಿಗೆಯ ಬಳಿ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ಅಲ್ಲಾ ಟೀಚರ್, ಜ್ವರ ಅಂದ್ರಂತಲ್ಲ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ನನ್ನ ಶಿಷ್ಯರ ತಂದೆತಾಯಿಯರು. ಜೀವನದಲ್ಲಿ ಮೊದಲ ಬಾರಿಗೆ ನನಗೆ ಒಂದೇ ಒಂದು ಕನ್ನಡ ಪದವೂ ಸಿಗಲಿಲ್ಲ.

"ನಂದೇ ತಪ್ಪು ಕಣ್ರೀ" ಎಂದಳು ಅವಳು, ಜಗುಲಿಯಿಂದ. "ಇವ್ಳಿಗೆ ಜ್ವರ ಬಂದಿದ್ದು ಆವತ್ತೆಂದೋ. ಹಳೇ ಮೆಸೇಜು ಈವತ್ತು ನೋಡ್ಬುಟ್ಟಿದ್ದೀನಿ. ನಂಗೆ ಈ ಫೋನು ಗೀನು ಎಲ್ಲಿ ಗೊತ್ತಾಗ್ತದೆ? ಊಟಕ್ಕೆ ಹೋಗ್ತೀನಿ ಅಂತ ಮೊನ್ನೇನೇ ಹೇಳಿದ್ಲು, ಮರ್ತೋಗ್ಬುಟ್ಟೆ."

ಜನ ನಕ್ಕರು. "ಅಯ್ಯೋ, ಒಳ್ಳೇ ಕತೆ ಆಯ್ತಲ್ಲ ಅಮ್ಮಾ ನಿಮ್ದು!" ಎಂದು ಅವಳನ್ನೇ ನೋಡಿ ನಗುತ್ತಾ ಒಬ್ಬೊಬ್ಬರಾಗಿ ಹೊರಟರು. ನನ್ನ ಪಾಲಿನ ನಗೆಪಾಟಲನ್ನೆಲ್ಲ ಅವಳು ತನ್ನ ತಲೆಯ ಮೇಲೆ ಎಳೆದುಕೊಂಡು, ತಾನೂ ಅವರ ಜೊತೆ ನಗುತ್ತಿದ್ದಳು.

ಎಲ್ಲರೂ ಹೋದ ಮೇಲೆ ಕಂಬ ಹಿಡಿದುಕೊಂಡು ಎದ್ದಳು. ನಾನು ಕೈ ಕೊಡಲು ಹೋದೆ. "ಏನಿಲ್ಲ, ಒಸಿ ಉಳುಕೈತೆ" ಎಂದಳು. ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟಳು. ನನ್ನ ಮುಖವನ್ನು ನೋಡಲಿಲ್ಲ. ಶಾಲಿನ ಅಂಚನ್ನು ಎರಡು ಬೆರಳಿನಲ್ಲಿ ಮುಟ್ಟಿ, "ಶಾಲು ಚೆನ್ನಾಗೈತೆ" ಎಂದಳು. ಜೀಪು ಹತ್ತಿ ಹೋದಳು.

ಆ ರಾತ್ರಿ ಗಂಜಿಯನ್ನು ಚೆಲ್ಲಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ. ಕೊನೆಗೆ ಕುಡಿದೆ. ಉಪ್ಪು ಸರಿಯಾಗಿತ್ತು.

ಮರುದಿನ ಫೋನು ಮಾಡಿದೆ. ಎತ್ತಲಿಲ್ಲ. ಅವಳು ಯಾವಾಗ ಎತ್ತಿದ್ದಳು? ವಾರವಾಯಿತು, ಜೀಪು ಬರಲಿಲ್ಲ. ಶಾಂತಿನಿವಾಸದಲ್ಲಿ, 'ಕೋಪ ಬಂದಿದೆ, ಇಳಿಯಲಿ ಬಿಡು' ಎಂದು ಸರೋಜ ಬರೆದಳು. ಎರಡನೆಯ ವಾರವೂ ಬರಲಿಲ್ಲ. ಆಗ ನನ್ನಲ್ಲಿ ಒಂದು ಬದಲಾವಣೆ ಆಯಿತು. ನಾಲ್ಕೂವರೆಯ ಬಸ್ಸು ಬಂದರೂ ಹತ್ತದೆ ಐದೂವರೆಯದಕ್ಕೆ ಕಾಯತೊಡಗಿದೆ. ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಆ ಶೌಚಾಲಯದ ಹತ್ತಿರವೇ ಹೋಗಿ ನಿಲ್ಲತೊಡಗಿದೆ, ಚುಕ್ಕಿ ಸರಿಯಾಗಿ ಕಾಣಲಿ ಎಂದು! ಒಂದು ಶನಿವಾರ ಕೆಲಸವಿಲ್ಲದೆ ಸಕಲೇಶಪುರಕ್ಕೆ ಹೋಗಿ ಚರ್ಚಿನ ರಸ್ತೆಯಲ್ಲಿ ಮೂರು ಸಲ ಮೇಲಿಂದ ಕೆಳಗೆ ನಡೆದೆ. ಇಷ್ಟು ಹತ್ತಿರ ಬಂದಿದ್ದೇನಲ್ಲ, ಹಿಡಿ ನನ್ನನ್ನು, ಬೈ, ಬೀದಿಯಲ್ಲಿ ನಿಲ್ಲಿಸಿ ಬೈ! ಯಾವ ಜೀಪೂ ಬರಲಿಲ್ಲ. ಐವತ್ತೇಳು ವರ್ಷದ ಹೆಂಗಸು ಹೀಗೆ ಊರೂರು ಅಲೆದು ತನ್ನನ್ನು ತೋರಿಸಿಕೊಳ್ಳುವುದು ಎಂದರೇನು!

ಮೂರನೆಯ ಭಾನುವಾರ ಬೆಳಿಗ್ಗೆ ಸುಮ್ಮನೆ ಫೋನು ಹಿಡಿದು ಕೂತಿದ್ದಾಗ ತಲೆಗೆ ಹೊಳೆಯಿತು. ಆ ನಕ್ಷೆಯಲ್ಲಿ ಅವಳದ್ದೂ ಒಂದು ಚುಕ್ಕಿ ಇದೆಯಲ್ಲ? ಈ ಒಂದು ವರ್ಷದಲ್ಲಿ ಜೀಪು ನಮ್ಮ ಕಡೆಗೆ ಬರುತ್ತಿದೆಯೋ ಎಂದು ಹೆದರಿ ನೋಡಿದ್ದು ಬಿಟ್ಟರೆ, ಅವಳು ಹೇಗಿದ್ದಾಳೆ, ಎಲ್ಲಿದ್ದಾಳೆ ಎಂದು ಒಂದು ದಿನವೂ ಅದನ್ನು ನೋಡಿರಲಿಲ್ಲ. ತೆರೆದೆ. ಚುಕ್ಕಿ ಹೊಳೆಯಾಚೆಯ ಹಸಿರಿನ ನಡುವೆ ಒಂದೇ ಕಡೆ ಇತ್ತು. ಹಿಂದಿನ ದಿನಗಳದ್ದನ್ನು ನೋಡುವುದು ಹೇಗೆಂದು ತಡಕಾಡಿ ಅದನ್ನೂ ತೆರೆದೆ. ಹಿಂದಿನ ದಿನವೂ ಅಲ್ಲೇ. ಅದರ ಹಿಂದಿನ ವಾರವೂ ಅಲ್ಲೇ. ನಮ್ಮ ಮನೆಗೆ ಬಂದ ಮರುದಿನ ಬೆಳಿಗ್ಗೆ ಸಕಲೇಶಪುರದ ಆಸ್ಪತ್ರೆಗೆ ಹೋಗಿ ಬಂದದ್ದೊಂದು ಬಿಟ್ಟರೆ, ಮೂರು ವಾರ ಅದು ಅಲ್ಲಾಡಿರಲಿಲ್ಲ.

ನನ್ನ ಚುಕ್ಕಿ ಕೆಲವು ಗಂಟೆ ಅಲ್ಲಾಡದಿದ್ದಕ್ಕೆ ಅವಳು ಬಾಗಿಲು ಒಡೆಸಿದ್ದಳು.

ಅದೇ ಉಟ್ಟ ಸೀರೆಯಲ್ಲಿ ಹೊರಟೆ. ಅವಳ ಮದುವೆಗೆ ಚರ್ಚಿಗೆ ಹೋಗಿದ್ದು ಬಿಟ್ಟರೆ ಅವಳ ಮನೆಗೆ ನಾವು ಯಾರೂ ಹೋದವರಲ್ಲ. ಅವಳೇ ಬರುತ್ತಿದ್ದಳಲ್ಲ! ಸಕಲೇಶಪುರದಲ್ಲಿ ಆಟೋ ಹಿಡಿದೆ. ನಕ್ಷೆಯ ನೀಲಿ ಗೆರೆ ನಮ್ಮನ್ನು ಒಂದು ಹಳ್ಳದ ದಡದವರೆಗೆ ತಂದು, ಮುಂದೆ ನೀರಿನ ಮೇಲೆಯೇ ಹೋಗಿ ಎಂದಿತು. ಆಟೋದವನು ಕೈಮುಗಿದ. ಇಳಿದು ನಡೆದೆ. ಕಾಫಿ ಗಿಡಗಳ ನಡುವೆ ಕಳೆ ಕೊಚ್ಚುತ್ತಿದ್ದ ಹೆಂಗಸೊಬ್ಬಳನ್ನು ದಾರಿ ಕೇಳಿದೆ.

"ಜೀಪಮ್ಮನ ಮನೇಗಾ? ಯಾರು ನೀವು?"

"ಅವಳ ಗೆಳತಿ" ಎಂದೆ.

"ಓ! ಪಾಳ್ಯದ ಟೀಚರಾ, ದೋಣಿಗಲ್ಲವ್ರಾ, ಬಟ್ಟೆ ಅಂಗಡಿಯವ್ರಾ?" ಎಂದಳು ಅವಳು, ನಮ್ಮ ಮೂವರನ್ನೂ ಹುಟ್ಟಿದಂದಿನಿಂದ ಬಲ್ಲವಳಂತೆ. ಅವಳ ಹೆಸರು ಲಕ್ಷ್ಮಿ, ಅವಳೇ ಮನೆಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಹೇಳಿದಳು: ಉಳುಕಲ್ಲ, ಮೂಳೆ ಮುರಿದಿತ್ತು. ಕ್ಲಚ್ಚು ಒತ್ತಲು ಆಗದೆ ಪಾಳ್ಯದಿಂದ ಮನೆಯವರೆಗೂ ಎರಡನೇ ಗೇರಿನಲ್ಲೇ ಬಂದಿದ್ದಳಂತೆ. ಮರುದಿನ ಯಾರದೋ ಪಿಕಪ್ಪಿನಲ್ಲಿ ಹೋಗಿ ಪ್ಲಾಸ್ಟರು ಹಾಕಿಸಿಕೊಂಡು ಬಂದಿದ್ದಳು.

ಅವಳು ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ಬಿಳಿ ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ. ಕಿಟಕಿಯ ಕಟ್ಟೆಯ ಮೇಲೆ ಫೋನು, ಅದಕ್ಕೆ ಸಿಕ್ಕಿಸಿದ ಚಾರ್ಜರು. ನನ್ನನ್ನು ನೋಡಿದವಳೇ ಅಂಗಳದವರೆಗೂ ಕೇಳುವಂತೆ ಕಿರುಚಿದಳು. "ಬಂದ್ಲು! ಲಕ್ಷ್ಮೀ, ನೋಡ್ದಾ, ಬಂದ್ಲು!"

"ಯಾಕೆ ಹೇಳ್ಲಿಲ್ಲ?" ಎಂದೆ. ಜೋರು ಮಾಡಲು ಹೋಗಿ ದನಿ ಒಡೆಯಿತು.

"ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ನಿಮ್ಮ ಹಿತ್ತಲಲ್ಲೇ ಬಿದ್ದಿದ್ದಲ್ವಾ?"

"ಫೋನಾದ್ರೂ ಎತ್ತಬಾರದಾ?"

"ಎತ್ತಿದ್ರೆ ನೀನು ಅಲ್ಲೇ ಮಾತು ಮುಗಿಸ್ಬುಡ್ತಿದ್ದೆ" ಎಂದಳು. ಆಮೇಲೆ ಫೋನನ್ನು ಕಣ್ಣಿನಲ್ಲೇ ತೋರಿಸಿ, ಸ್ವಲ್ಪ ನಾಚಿಕೊಂಡವಳಂತೆ ಹೇಳಿದಳು. "ಈ ಮನೇಲಿ ಸಿಗ್ನಲ್ ಸಿಗಾದು ಇದೊಂದು ಕಿಟಕೀಲಿ. ಅದುಕ್ಕೇ ಮಂಚ ಇಲ್ಲಿಗೇ ಹಾಕಿಸ್ಕೊಂಡೆ. ಕರೆಂಟು ಹೋದಾಗ ಲಕ್ಷ್ಮಿ ಜೀಪಿನ ಬ್ಯಾಟ್ರಿಗೆ ಸಿಕ್ಕಿಸ್ಕೊಂಡು ಬರ್ತಾಳೆ. ಆಫ್ ಆಗಕ್ಕೆ ಬುಟ್ಟಿಲ್ಲ ಕಣೇ, ಒಂದು ದಿನಾನೂ. ನಿಮ್ಮಲ್ಲಿ ಯಾರಾದ್ರೂ ನೋಡಿದ್ರೆ ಕಾಣ್ಲಿ ಅಂತ."

ನಾನು ಮಂಚದ ತುದಿಯಲ್ಲಿ ಕೂತೆ.

"ಆವತ್ತು ಊಟಕ್ಕೆ ಏನೇನು ಮಾಡಿದ್ರೇ?" ಎಂದು ಕೇಳಿದಳು. ಅಪರಾಧಿಯಂತೆ ಒಂದೊಂದಾಗಿ ಒಪ್ಪಿಸಿದೆ. ಹೋಳಿಗೆ ಎಂದಾಗ ತಡೆದಳು. "ಡಬ್ಬದಲ್ಲಿತ್ತಲ್ಲ, ಅದಾ? ನಂಗೊಂದು ಕೊಡಬೌದಿತ್ತು." ಮೂರು ವಾರದ ಮೇಲೆ ಅವಳು ನನ್ನ ಮೇಲೆ ಹೊರಿಸಿದ ಆರೋಪ ಇದೊಂದೇ.

ಪ್ಲಾಸ್ಟರು ನೆನೆಯಬಾರದೆಂದು ತಲೆಗೆ ನೀರು ಹಾಕಿಕೊಂಡೇ ಇಲ್ಲ, ತುರಿಕೆ ತಡೆಯಲಾಗುತ್ತಿಲ್ಲ ಎಂದಳು. ನಾನು ಎದ್ದು ಸೆರಗು ಸಿಕ್ಕಿಸಿದೆ. ಹಂಡೆಯಲ್ಲಿ ನೀರು ಕಾಯಿಸಿದೆವು. ನಾನೂ ಲಕ್ಷ್ಮಿಯೂ ಅವಳನ್ನು ಬಚ್ಚಲಿಗೆ ನಡೆಸಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ ಕೂರಿಸಿದೆವು. ಸೀಗೆಪುಡಿ ಕಲಸಿ ಅವಳ ಕೂದಲಿಗೆ ಹಚ್ಚಿ ಉಜ್ಜತೊಡಗಿದೆ. ಕೂದಲು ಬೆಳ್ಳಗಾಗಿ ತೆಳ್ಳಗಾಗಿತ್ತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ವಿಮಲಾಳ ಸೊಸೆ ಹೇಗಿದ್ದಾಳೆ, ಸರೋಜಳ ಮಂಡಿನೋವು ಹೇಗಿದೆ ಎಂದು ಕೇಳುತ್ತಲೇ ಇದ್ದಳು. ಲಕ್ಷ್ಮಿ ಇನ್ನೊಂದು ಬಿಂದಿಗೆ ನೀರು ತರಲು ಹೋದಳು.

"ಆವತ್ತು ನಂಗೆ ಜ್ವರ ಬಂದಿರ್ಲಿಲ್ಲ" ಎಂದೆ.

"ಗೊತ್ತು ಕಣೇ" ಎಂದಳು. "ನೀರು ಹುಯ್ಯಿ, ಕಣ್ಣು ಉರೀತೈತೆ."